ಲಾಂಡ್ರಿಯ ಮೇಲಿನ ಕೋಣೆ

"ಒಬ್ರೇನಾ?" ಎಂದಿತು ಫೋನಿನ ಧ್ವನಿ.

ಅವನು ಫೋನನ್ನು ಊಟದ ಮೇಜಿನ ಮೇಲೆ ಸ್ಪೀಕರಿಗೆ ಹಾಕಿ ಇಟ್ಟಿದ್ದ. ಎಡಗಿವಿ ಮಂದವಾದ ಮೇಲೆ ಅವನಿಗೆ ಅದೇ ಅನುಕೂಲ. ಹೌದು, ಒಬ್ಬಳೇ, ನನ್ನ ಹೆಂಡತಿ, ಎಂದ. ಯಾವ ಕೆಲಸದ ಮೇಲೆ ಬರುತ್ತಿದ್ದಾರೆ ಎಂದು ಲಾಡ್ಜಿನವನು ವಿಚಾರಿಸಿದ. ಸಮುದ್ರದಲ್ಲಿ ಮುಳುಗೋಕೆ, ಎಂದು ಅವನು ಮನೆಯಲ್ಲಿ ಹೇಳಿಕೊಳ್ಳುವ ಹಾಗೆಯೇ ಹೇಳಿಬಿಟ್ಟ. ಆ ಕಡೆಯ ಧ್ವನಿ ತೀರಾ ಮೆತ್ತಗಾಯಿತು. ನಮ್ಮಲ್ಲಿ ಕೋಣೆ ಖಾಲಿಯಿಲ್ಲ, ನೀವು ಅವರ ಜೊತೆ ಕೂತು ನಾಲ್ಕು ಮಾತಾಡಿ ಸ್ವಾಮಿ, ಏನಿದ್ದರೂ ಸರಿಹೋಗುತ್ತೆ, ಎಂದು ಹೇಳಿ ಫೋನಿಟ್ಟಿತು.

ಮೇಜಿನ ಆಚೆ ಬೀನ್ಸ್ ಮುರಿಯುತ್ತಿದ್ದ ಹೆಂಡತಿ ನಗು ತಡೆಯಲಾರದೆ ತಲೆ ತಗ್ಗಿಸಿದಳು.

"ಡೈವಿಂಗ್ ಅನ್ನಿ ಅಂದ್ರೆ ಮುಳುಗೋಕೆ ಅಂತೀರಿ. ಪಾಪ, ಆತ ಇವತ್ತು ನಿದ್ದೆ ಮಾಡಲ್ಲ."

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸ್ವೆಟರ್ ಹೆಣೆಯುತ್ತಿದ್ದ ಅವನ ತಾಯಿ ಕಣ್ಣೆತ್ತದೆಯೇ ಹೇಳಿದರು: "ಮುಳುಗಿ ಏಳೋಕೆ ಅನ್ನಬೇಕಪ್ಪಾ. ಏಳೋದು ಬಿಟ್ಟು ಬರೀ ಮುಳುಗೋದು ಹೇಳಿದ್ರೆ ಯಾರು ತಾನೇ ಕೋಣೆ ಕೊಡ್ತಾರೆ?"

ಬೆಳಗ್ಗೆಯಿಂದ ಫೋನು ಮಾಡಿದ ಕಡೆಯೆಲ್ಲ ಹೀಗೇ ಏನಾದರೊಂದು ಆಗುತ್ತಿತ್ತು. ಒಂದು ಕಡೆ ಬಾಡಿಗೆ ಕೇಳಿಯೇ ಅವನು ಎದ್ದು ನಿಂತಿದ್ದ. ಇನ್ನೊಂದು ಕಡೆ ಒಬ್ಬರಿಗೂ ಇಬ್ಬರ ಬಾಡಿಗೆಯೇ ಎಂದರು. ಎಲ್ಲ ಕಡೆಯೂ ಮೊದಲ ಪ್ರಶ್ನೆ ಮಾತ್ರ ಅದೇ, ಒಬ್ರೇನಾ. ಅವನಿಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಅವಳಿಗೆ ಕಂಡಿತ್ತು. ಬಸ್ ನಿಲ್ದಾಣದಲ್ಲಿ ದಿನವಿಡೀ ಮೈಕಿನ ಮುಂದೆ ಕೂತು ಬಸ್ಸುಗಳ ಬರವು ಹೊರಡುವಿಕೆ ಕೂಗಿ ಹೇಳುವುದು ಅವಳ ಕೆಲಸ. ಬೀದಿಯಲ್ಲಿ ಎಲ್ಲರಿಗೂ ಅವಳು ಮೈಕಕ್ಕ. ಒಂದು ಸ್ವರ ಎಳೆದರೆ ಬಸ್ಸು ಹೊರಟೇಬಿಟ್ಟಿತೆಂದು ಜನ ಓಡುತ್ತಾರೆ, ಮೊಟಕುಗೊಳಿಸಿದರೆ ಕೂತೇ ಇರುತ್ತಾರೆ. ಹಾಗಾಗಿ ಅವಳು ಆ 'ಏನಾ' ಎಂಬುದನ್ನು ಒಬ್ಬೊಬ್ಬ ಲಾಡ್ಜಿನವನೂ ಹೇಗೆ ಹೇಳಿದ ಎಂದು ತಿರುಗಿ ಹೇಳಿ ತೋರಿಸಿದ್ದಳು. ಒಬ್ಬನದು ಅನುಮಾನ, ಒಬ್ಬನದು ಕನಿಕರ, ಒಬ್ಬನದು ಬಾಗಿಲು ಹಾಕಿಕೊಳ್ಳುವ ಸದ್ದು. ಅತ್ತೆ ಹೆಣಿಗೆ ನಿಲ್ಲಿಸಿ ನಕ್ಕಿದ್ದರು.

ನಗುತ್ತಿದ್ದರೂ ಅವನಿಗೆ ಒಳಗೆ ಅಳುಕಿತ್ತು. ಕೈಗೆಟುಕುವ ಕೋಣೆ ಸಿಕ್ಕಿದರೆ ಹೋಗುತ್ತೇನೆ, ಇಲ್ಲದಿದ್ದರೆ ಬಿಡೋಣ, ಎಂದು ಅವಳು ಹೇಳಿದ್ದಳು. ಆ 'ಬಿಡೋಣ' ಈ ವರ್ಷಕ್ಕೆ ಮಾತ್ರವಲ್ಲ ಎಂದು ಅವನಿಗೆ ಗೊತ್ತಿತ್ತು.

ಕೋಣೆ ಹುಡುಕುವುದು ಮೊದಲಿನಿಂದಲೂ ಅವನ ಇಲಾಖೆ. ಅವನು ಲಿಫ್ಟ್ ರಿಪೇರಿಯವನು. ಹಿಂದೊಮ್ಮೆ ಕಡಲ ಪಕ್ಕದ ಊರಿಗೆ ಒಂದು ಲಿಫ್ಟ್ ಜೋಡಿಸಲು ಹೋದಾಗ, ಡೈವಿಂಗ್ ಕಲಿಸುವವನೊಬ್ಬನ ಸಿಲಿಂಡರಿಗೆ ಗಾಳಿ ತುಂಬುವ ಯಂತ್ರ ಕೆಟ್ಟಿತ್ತು. ಇವನು ಸರಿಮಾಡಿಕೊಟ್ಟ. ಅದರ ಬದಲಿಗೆ ಆತ ಗಂಡ ಹೆಂಡತಿ ಇಬ್ಬರಿಗೂ ಮುಳುಗುವುದನ್ನು ಕಲಿಸಿದ. ಆತನಿಗೆ ಇವರು ಗಾಳಿ ಮೇಷ್ಟ್ರು ಎಂದು ಹೆಸರಿಟ್ಟರು. ಅಂದಿನಿಂದ ವರ್ಷಕ್ಕೊಮ್ಮೆ ರಜೆ ಕೂಡಿಸಿಕೊಂಡು ಅಲ್ಲಿಗೆ. ಸಮುದ್ರ ಕಾಣುವ ಕೋಣೆಯನ್ನು ಅವನು ಯಾವತ್ತೂ ಹಿಡಿದವನಲ್ಲ. ಒಳಗೇ ಹೋಗುವವರಿಗೆ ಹೊರಗಿಂದ ನೋಡಲು ಯಾಕೆ ದುಡ್ಡು, ಎಂಬುದು ಅವನ ವಾದ. ಅವನು ಕೇಳುತ್ತಿದ್ದುದು ಬೇರೆ. ಹೊರಗೆ ನಲ್ಲಿ ಇದೆಯೇ, ಉಪ್ಪುನೀರು ಹಿಡಿದ ರಬ್ಬರಿನ ಡೈವಿಂಗ್ ಸೂಟು ತೊಳೆಯಲು. ಒಣಗಿಸಲು ಹಗ್ಗ ಇದೆಯೇ. ಹಗ್ಗದ ಮೇಲೆ ನೆರಳಿದೆಯೇ, ರಬ್ಬರಿಗೆ ಬಿಸಿಲು ಆಗದು. ಮೆಟ್ಟಿಲು ಕಡಿದಾಗಿದೆಯೇ. ಹಾಸಿಗೆಯ ಬಗ್ಗೆ ಅವನು ಕೇಳಿದ್ದೇ ಇಲ್ಲ, ಅದಕ್ಕೆ ಬೈಸಿಕೊಂಡೂ ಇದ್ದ.

ನೀರಿನ ಕೆಳಗೆ ಅವಳನ್ನು ನೋಡುವುದು ಅವನಿಗೆ ಒಂದು ಹಬ್ಬ. ಮನೆಯಲ್ಲಿ ಅವಳು ಬಾಗಿಲಿಗೆ ಭುಜ ತಾಗಿಸದೆ ಒಳಗೆ ಬರುವವಳಲ್ಲ. ದಿನಕ್ಕೊಂದು ಲೋಟ ಉರುಳಿಸುತ್ತಾಳೆ. ಅದೇ ಹೆಂಗಸು ನೀರಿನ ಕೆಳಗೆ ಕೈಕಟ್ಟಿಕೊಂಡು ಮರಳಿಗೆ ಒಂದು ಗೇಣು ಮೇಲೆ ಸಾಗಿದರೆ ಒಂದು ಕಣವೂ ಏಳುತ್ತಿರಲಿಲ್ಲ. ಮೀನುಗಳು ದಾರಿ ಬಿಡುತ್ತಿರಲಿಲ್ಲ, ಅವಳು ಬಂದದ್ದೇ ಅವಕ್ಕೆ ಗೊತ್ತಾಗುತ್ತಿರಲಿಲ್ಲ. ಅವನು ಹಿಂದೆ ಹಿಂದೆ ಕಾಲು ಬಡಿಯುತ್ತ, ಮರಳೆಬ್ಬಿಸುತ್ತ, ಗಾಳಿ ಬೇಗ ಮುಗಿಸಿಕೊಳ್ಳುತ್ತ ಹೋಗುತ್ತಿದ್ದ. ಮೇಲೆ ಬಂದ ಮೇಲೆ ಅವಳು ಬಹಳ ಹೊತ್ತು ಮಾತಾಡುತ್ತಿರಲಿಲ್ಲ. ದಿನವಿಡೀ ಮಾತೇ ಕಸುಬಾದವಳ ಆ ಮೌನದ ಪಕ್ಕದಲ್ಲಿ ಅವನು ಒದ್ದೆ ಕಾಲು ಚಾಚಿ ಸುಮ್ಮನೆ ಕೂರುತ್ತಿದ್ದ. ತನ್ನನ್ನು ಹತ್ತಿರ ಕೂರಲು ಬಿಟ್ಟಿದ್ದಾಳೆ ಎಂಬುದೇ ಅವನಿಗೆ ದೊಡ್ಡದಾಗಿ ಕಾಣುತ್ತಿತ್ತು.

ಕೊನೆಯ ಸಲ ಅವನಿಗೆ ನೆಗಡಿಯಿತ್ತು. ರಜೆ ಹಾಳಾದೀತೆಂದು ಹೇಳಲಿಲ್ಲ. ಇಳಿಯುವಾಗ ಮೂಗು ಹಿಡಿದು ಊದಿದರೂ ಎಡಗಿವಿ ತೆರೆದುಕೊಳ್ಳಲಿಲ್ಲ. ಒಳಗೆ ಯಾರೋ ಉಳಿ ಇಟ್ಟು ಒತ್ತಿದ ಹಾಗಾಯಿತು. ಅವಳು ಸರಿಯಾ ಎಂದು ಕೈಸನ್ನೆಯಲ್ಲಿ ಕೇಳಿದಳು. ಅವನು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ ತೋರಿಸಿದ, ಸರಿ ಎಂದು. ಅವಳು ಉಂಗುರವನ್ನು ನೋಡಲಿಲ್ಲ. ಅವನ ಮಾಸ್ಕಿನ ಗಾಜಿಗೆ ತನ್ನ ಗಾಜು ತಾಗುವಷ್ಟು ಹತ್ತಿರ ಬಂದು ಅವನ ಕಣ್ಣು ನೋಡಿದಳು. ನೋಡಿ, ಅವನ ಮಣಿಕಟ್ಟು ಹಿಡಿದು, ಹೆಬ್ಬೆರಳು ಮೇಲೆತ್ತಿದಳು. ನೀರಿನ ಕೆಳಗೆ ಅದರ ಅರ್ಥ ಒಂದೇ, ಮೇಲೆ ನಡಿ. ಅವನಿಗೆ ಆಗ ಮೇಲೆ ಯಾವುದು ಕೆಳಗೆ ಯಾವುದು ತಿಳಿಯುತ್ತಿರಲಿಲ್ಲ. ಒಂದಿಷ್ಟೂ ಅವಸರ ಮಾಡದೆ, ಮಗುವನ್ನು ಮಹಡಿ ಹತ್ತಿಸುವವಳಂತೆ, ಅವಳು ಅವನನ್ನು ಬೆಳಕಿಗೆ ತಂದಳು.

ಇನ್ನು ನೀರಿಗಿಳಿಯಬೇಡಿ ಎಂದರು ಡಾಕ್ಟರು. ಇವನಿಗೆ ಹೇಳಿದ್ದನ್ನು ಅವಳೂ ತನಗೇ ಹೇಳಿದ್ದೆಂದುಕೊಂಡಳು. ಎರಡು ಸಲ ಗಾಳಿ ಮೇಷ್ಟ್ರು ಕರೆದರೂ ನಿಲ್ದಾಣದಲ್ಲಿ ಕೆಲಸ ಹೆಚ್ಚು ಎಂದಳು. ಮೊನ್ನೆ ಅವನು ಬಲ್ಬು ಹುಡುಕುತ್ತ ಕಪಾಟಿನ ಮೇಲಿನ ಪೆಟ್ಟಿಗೆ ತೆಗೆದಾಗ ಇಬ್ಬರ ಮಾಸ್ಕೂ ಸಿಕ್ಕವು. ಅವನದರ ರಬ್ಬರು ಹಳದಿಗಟ್ಟಿ ಬಿರುಕು ಬಿಟ್ಟಿತ್ತು. ಅವಳದು ಮೆತ್ತಗೆ, ಹೊಸದರ ಹಾಗೆ ಇತ್ತು. ಗಾಜು ಮಂಜಾಗದಿರಲೆಂದು ಟೂತ್‌ಪೇಸ್ಟ್ ಹಚ್ಚಿ ಉಜ್ಜುವುದುಂಟು. ಅದರ ವಾಸನೆ ಇನ್ನೂ ಹಸಿಯಾಗಿತ್ತು. ಅವನು ಪೆಟ್ಟಿಗೆ ಮುಚ್ಚಿಟ್ಟ. ರಾತ್ರಿ ಊಟಕ್ಕೆ ಕೂತಾಗ, ಈ ಸಲ ನೀನು ಹೋಗಿಬಾ, ನೀರಲ್ಲಿ ಮೇಷ್ಟ್ರು ಜೋಡಿಯಾಗಿರುತ್ತಾರೆ, ಎಂದ. ಕೈಗೆಟುಕುವ ಕೋಣೆಯ ಷರತ್ತನ್ನು ಅವಳು ಹಾಕಿದ್ದು ಆಗಲೇ.

ಈಗ ಉಳಿದಿದ್ದುದು ಮೇಷ್ಟ್ರು ಕೊಟ್ಟ ಕೊನೆಯ ನಂಬರು. ಅಲ್ಲಿ ಯಾರೂ ಉಳಿಯುವುದಿಲ್ಲ, ಲಾಂಡ್ರಿಯ ಮೇಲೆ ಒಂದೇ ಕೋಣೆ, ಕೇಳಿ ನೋಡಿ, ಎಂದಿದ್ದರು. ಫೋನೆತ್ತಿದ್ದು ವಯಸ್ಸಾದ ಹೆಂಗಸು. ಹಿಂದೆ ಯಂತ್ರಗಳ ಗುಂಯ್‌ಗುಟ್ಟುವಿಕೆ. ಆಕೆ ಎಷ್ಟು ಜನ ಎಂದು ಕೇಳಲೇ ಇಲ್ಲ. ಮೊದಲೇ ಹೇಳ್ತೀನಿ, ಬೆಳಗ್ಗೆ ಬೇಗ ಮೆಷಿನ್ ಶುರುವಾಗುತ್ತೆ, ನೆಲ ನಡುಗುತ್ತೆ, ಸೋಪಿನ ವಾಸನೆ, ಕಿಟಕಿಯಿಂದ ಸಮುದ್ರ ಕಾಣಲ್ಲ, ಗೋಡೆ ಕಾಣುತ್ತೆ, ಎಂದು ತನ್ನ ಕೋಣೆಯನ್ನು ತಾನೇ ಬೈದುಕೊಂಡಳು. ಅವನ ಕಣ್ಣು ಅರಳಿತು.

"ನಲ್ಲಿ ಇದೆಯಾ?" ಎಂದ.

"ಲಾಂಡ್ರಿ ಸ್ವಾಮಿ. ನಲ್ಲಿಗೆ ಬರವೇ?"

"ಹಗ್ಗ?"

"ಹಗ್ಗ ಬಿಟ್ರೆ ಬೇರೇನೂ ಇಲ್ಲ ನಮ್ಮನೇಲಿ."

ನೆರಳಿನಲ್ಲಿ ಒಣಗಿಸಲು ಹಿಂದೆ ಶೆಡ್ಡೂ ಇತ್ತು. ಬಾಡಿಗೆ ಕೇಳಿದ ಅವನು ಚೌಕಾಸಿ ಮಾಡುವುದನ್ನೇ ಮರೆತ. ಯಾವಾಗ ಬರೋದು ಎಂದು ಆಕೆ ಕೇಳಿದಾಗ ಶುಕ್ರವಾರ ಬೆಳಗ್ಗೆ ಬರ್ತೀವಿ ಎಂದು ಹೇಳಿ, ಫೋನಿಟ್ಟು, ಗೆದ್ದವನ ಹಾಗೆ ಕುರ್ಚಿಗೊರಗಿದ.

ಬೀನ್ಸ್ ಮುರಿಯುವ ಸದ್ದು ನಿಂತಿತ್ತು.

"ಏನಂದ್ರಿ ಆಯಮ್ಮನ ಹತ್ರ?" ಎಂದಳು ಅವಳು.

"ಮುಳುಗೋದು ಅನ್ನಲಿಲ್ಲವಲ್ಲ."

"ಬರ್ತೀವಿ ಅಂದ್ರಿ."

ಅವನಿಗೆ ನೆನಪಿಗೇ ಬರಲಿಲ್ಲ. ಅಂದ್ನಾ ಎಂದು ತಾಯಿಯ ಕಡೆ ನೋಡಿದ. ಅವರು ಸೂಜಿ ಆಡಿಸುತ್ತಲೇ, "ಅವನಿಗೆ ಮದುವೆಯಾದಾಗಿಂದ ಎಲ್ಲಾ ಹಾಗೇ ಅಲ್ಲವೇನೇ. ತಿಂದ್ವಿ, ಮಲಗಿದ್ವಿ. ಡಾಕ್ಟರ ಮುಂದೆ ಕೂತು 'ನಮಗೆ ಕಿವಿನೋವು' ಅಂದೋನು," ಎಂದರು.

ಇನ್ನೊಂದು ಹೊತ್ತಾಗಿದ್ದರೆ ಮೂವರೂ ನಗುತ್ತಿದ್ದರು. ಅವಳು ಮುರಿದ ಬೀನ್ಸನ್ನು ಪಾತ್ರೆಗೆ ಸುರಿದು ಎದ್ದಳು.

"ಬಿಡಿ. ಇಬ್ರೂ ಇಲ್ಲೇ ಇರೋಣ," ಎಂದು ಸಿಂಕಿನ ಕಡೆ ಹೋಗಿ ನಲ್ಲಿ ತಿರುಗಿಸಿದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹಾಗಾಗಿಯೇ ಅವನಿಗೆ ಭಯವಾಯಿತು. ಅವಳು ನಿಲ್ದಾಣದಲ್ಲಿ ರದ್ದಾದ ಬಸ್ಸನ್ನು ಹೇಳುವುದು ಇದೇ ದನಿಯಲ್ಲಿ. ಅವನು ಕೂತಲ್ಲೇ ಕೂತ. ಬಾಯಿತಪ್ಪಿನಿಂದ ಬಂದ ಮಾತು ನಿಜ. ಆದರೆ ಬಾಯಿ ತಪ್ಪಿದ್ದು ಎಲ್ಲಿಂದ ಎಂದು ಯೋಚಿಸಿದಷ್ಟೂ ಅವನಿಗೆ ಹಗುರಾಗಲಿಲ್ಲ. ಹೋಗಿಬಾ ಎಂದು ಹೇಳಿದ್ದ. ನಲ್ಲಿ, ಹಗ್ಗ, ನೆರಳು ಎಲ್ಲ ವಿಚಾರಿಸಿದ್ದ. ಅಷ್ಟನ್ನೂ ಇಬ್ಬರಿಗೆಂದೇ ವಿಚಾರಿಸಿದ್ದನೇನೋ. ಅವಳು ಕೈಕಟ್ಟಿಕೊಂಡು ಮರಳಿನ ಮೇಲೆ ಸಾಗುವುದನ್ನು ತಾನು ಹಿಂದಿನಿಂದ ನೋಡದಿದ್ದರೂ ಅವಳು ಹಾಗೇ ಸಾಗುತ್ತಾಳೆ ಎಂಬುದು ಅವನಿಗೆ ಈವರೆಗೆ ಹೊಳೆದಿರಲಿಲ್ಲ. ಹೊಳೆದಾಗ ನೋವಾಯಿತು, ನೋವಿನ ಜೊತೆಗೇ, ಅವಳನ್ನು ಮೊದಲ ಸಲ ನೀರಿನ ಕೆಳಗೆ ಕಂಡಾಗ ಆದಂಥ ಒಂದು ಬೆರಗೂ ಆಯಿತು.

ಫೋನೆತ್ತಿಕೊಂಡ. ಈ ಸಲ ಸ್ಪೀಕರಿಗೆ ಹಾಕಲಿಲ್ಲ, ಬಲಗಿವಿಗೆ ಹಿಡಿದ. ನಲ್ಲಿಯ ಸದ್ದಿನ ಮೇಲೆ ಕೇಳುವಷ್ಟು ಗಟ್ಟಿಯಾಗಿ ಮಾತಾಡಿದ.

"ಈಗ ಮಾಡಿದ್ದೆನಲ್ಲ, ಕೋಣೆಗೆ. ಒಂದು ಮಾತು ತಪ್ಪು ಹೇಳಿದೆ. ನಾನು ಬರ್ತಿಲ್ಲ. ಅವಳು ಬರ್ತಾಳೆ."

ಯಂತ್ರಗಳ ಗುಂಯ್ ಎನ್ನುವ ಸದ್ದು. ಆಮೇಲೆ, "ಒಬ್ರಾ?" ಎಂದಿತು ಮುದುಕಿಯ ಧ್ವನಿ. ಅವನು ಮುಂದಿನ 'ಏನಾ'ಗಾಗಿ ಕಾದ. ಅದು ಬರಲೇ ಇಲ್ಲ. ಅಷ್ಟರಲ್ಲಿ ಆಕೆ ಒಂದೇ ಟವೆಲ್ ಇಡುತ್ತೇನೆ, ಬಾಡಿಗೆ ಮಾತ್ರ ಕಮ್ಮಿಯಾಗಲ್ಲ, ಅದು ಕೋಣೆಗೆ, ತಲೆಗಲ್ಲ, ಎನ್ನುತ್ತಿದ್ದಳು.

"ಸರಿ," ಎಂದ ಅವನು. "ಒಬ್ಬಳು."

ನಲ್ಲಿ ನಿಂತಿತು. ಅವಳು ಒದ್ದೆ ಕೈಯಲ್ಲೇ ತಿರುಗಿ ನಿಂತಿದ್ದಳು. ಅವನು ಫೋನು ಕೆಳಗಿಟ್ಟು, ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ ಹಿಡಿದ. ಅವಳು ಈ ಸಲವೂ ಉಂಗುರವನ್ನು ನೋಡಲಿಲ್ಲ. ಮೇಜಿನವರೆಗೆ ಬಂದು, ಬಗ್ಗಿ, ಅವನ ಕಣ್ಣುಗಳನ್ನು ನೋಡಿದಳು. ಕೈಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಬಹಳ ಹೊತ್ತಿನ ಮೇಲೆ ತನ್ನದೂ ಒಂದು ಉಂಗುರ ಮಾಡಿ ತೋರಿಸಿದಳು. ತಿರುಗುವಾಗ ಮೊಣಕೈ ತಾಗಿ ಲೋಟ ಉರುಳಿತು.

"ಇವತ್ತಿನ ಲೋಟ ಆಯ್ತು," ಎಂದರು ಅತ್ತೆ.

ಶನಿವಾರ ಸಂಜೆ ಅವಳ ಫೋನು ಬಂದಾಗ ಅವನು ಕೆಲಸದಿಂದ ಆಗತಾನೇ ಬಂದು ಗ್ರೀಸಿನ ಕೈ ತೊಳೆಯುತ್ತಿದ್ದ. ತಾಯಿ ಒಳಗಿನಿಂದ, ಮುಳುಗಿ ಎದ್ದಳಂತಾ ಕೇಳು, ಎಂದು ಕೂಗಿದರು. ಎದ್ದೆ ಅಂತ ಹೇಳಿ, ಎಂದಳು ಅವಳು. ಕೋಣೆ ಪುಟ್ಟದು, ಹಾಸಿಗೆ ಗಟ್ಟಿ, ಈ ಸಲ ಬೈಯಲು ನೀವಿಲ್ಲ, ಎಂದಳು. ಶೆಡ್ಡಿನಲ್ಲಿ ಹೋಟೆಲಿನವರ ಬಿಳಿ ಹಾಸುಗಳ ಸಾಲಿನ ಮಧ್ಯೆ ತನ್ನ ಕಪ್ಪು ಸೂಟು ಒಂದೇ ನೇತಾಡುತ್ತಿದೆಯೆಂದೂ, ಮುದುಕಿ ಹೋಗುವಾಗ ಬರುವಾಗ ಅದರ ಕಾಲು ಹಿಡಿದು ನೀರು ಹಿಂಡಿ ಹೋಗುತ್ತಾಳೆಂದೂ ಹೇಳಿದಳು.

"ನೀರು ಹೇಗಿತ್ತು?" ಎಂದ ಅವನು.

ಅವಳು ಉತ್ತರ ಕೊಡಲಿಲ್ಲ. ಅವನಿಗೆ ಆ ಮೌನ ಗೊತ್ತಿತ್ತು. ಮತ್ತೆ ಕೇಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಕಾಲು ಚಾಚಿದ. ಆ ಕಡೆ, ಅವಳ ಉಸಿರಿನ ಹಿಂದೆ, ಲಾಂಡ್ರಿಯ ಯಂತ್ರದಲ್ಲಿ ನೀರು ತಿರುಗುತ್ತಿತ್ತು. ಅವನು ಫೋನನ್ನು ಬಲಗಿವಿಯಿಂದ ತೆಗೆದು, ಎಲ್ಲವೂ ನೀರೊಳಗಿನಿಂದ ಬಂದಂತೆ ಕೇಳುವ ಎಡಗಿವಿಗೆ ಹಿಡಿದುಕೊಂಡ.