ಪಾದದ ನಾಡಿ

ಬೆಳಗಿನಿಂದ ಇದು ಮೂರನೇ ಆಪರೇಷನ್. ಗೋದಾಬಾಯಿಗೆ ಸೊಂಟ ಬಿದ್ದುಹೋಗಿತ್ತು. ಆದರೂ ಸ್ಟೂಲು ಎಳೆದುಕೊಂಡು ಮೇಜಿನ ಕಾಲ್ದೆಸೆಯಲ್ಲಿ, ಹಸಿರು ಬಟ್ಟೆಯೊಳಗೆ ತೂರಿ ಕೂತಳು. ಮರಾಠವಾಡದ ಆ ತಾಲ್ಲೂಕು ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಪಾದ ಹಿಡಿಯುವ ಆಯಾ ಎಂದರೆ ಅವಳೇ.

ಮೇಜಿನ ಮೇಲಿದ್ದ ಶೇವಂತಾಗೆ ಹೆರಿಗೆಯಾಗಿ ಎರಡು ತಾಸಾದರೂ ರಕ್ತ ನಿಂತಿರಲಿಲ್ಲ. ಸೊಂಟದ ಎರಡೂ ಬದಿಯಲ್ಲಿ ದೊಡ್ಡ ರಕ್ತನಾಳ ಎರಡಾಗಿ ಕವಲೊಡೆಯುತ್ತದೆ. ಒಂದು ಒಳಗಿಳಿದು ಗರ್ಭಕೋಶ, ಮೂತ್ರಕೋಶಗಳಿಗೆ, ಇನ್ನೊಂದು ಕಾಲಿಗೆ. ಒಳಗಿನದನ್ನು ಕಟ್ಟಿದರೆ ಜೀವ ಉಳಿದೀತು. ತಪ್ಪಿ ಹೊರಗಿನದನ್ನು ಕಟ್ಟಿದರೆ ಕಾಲು ಹೋದಂತೆಯೇ. ರಕ್ತದ ಮಡುವಿನಲ್ಲಿ ಕಣ್ಣನ್ನು ನಂಬುವ ಹಾಗಿಲ್ಲ. ಹಾಗಾಗಿ ಗಂಟು ಬಿಗಿಯುವ ಮೊದಲು ಡಾಕ್ಟರು ನಾಳದಡಿ ಹಾಯಿಸಿದ ದಾರ ಎತ್ತಿ ಹಿಡಿದು ಕೇಳಬೇಕು, ಪಾದ ಹಿಡಿದವಳು ಹೇಳಬೇಕು. ಪಾದದ ನಾಡಿ ನಿಂತರೆ ಹಿಡಿದದ್ದು ಕಾಲಿನ ನಾಳ.

"ಮೌಶಿ, ದಾರ ಎತ್ತೀನಿ. ನಾಡಿ ಬಡೀತೈತೇನು?" ಡಾಕ್ಟರ್ ವಿಭಾವರಿ ಕೇಳಿದರು.

ಗೋದಾಬಾಯಿ ಬೆರಳೊತ್ತಿದಳು. ಏನೂ ತಿಳಿಯಲಿಲ್ಲ. ಸಕ್ಕರೆ ಕಾಯಿಲೆ ದೀಪಾವಳಿಯ ಹೊತ್ತಿಗೇ ಬೆರಳುಗಳನ್ನು ಮರಗಟ್ಟಿಸಿತ್ತು. ಕುದಿಯುವ ಚಹಾದ ಲೋಟ ಹಿಡಿದರೂ ಸುಡುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಬೆರಳು ಸತ್ತ ಆಯಾಳನ್ನು ಒಳಗೆ ಯಾರು ಕರೆಯುತ್ತಾರೆ?

"ಏ ಮೌಶಿ! ನಿದ್ದಿ ಹತ್ತೇತೇನು? ಐತೋ, ಇಲ್ಲೋ?"

"ಐತಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಥೂ, ಇಂಥ ಬಾಳು ಸುಡಲಿ! ಅವಳು ಬಗ್ಗಿ, ಕಬ್ಬಿನ ಗದ್ದೆಯಲ್ಲಿ ಒಡೆದಿದ್ದ ಆ ತಣ್ಣನೆಯ ಪಾದಕ್ಕೆ ಕೆನ್ನೆ ಒತ್ತಿದಳು. ಬಡಿತವಿಲ್ಲ.

"ದಾರ ಬಿಡ್ರಿ ಡಾಕ್ಟರಬಾಯಿ!"

ದಾರ ಸಡಿಲಿತು. ಕೆನ್ನೆಯಡಿ ಸಣ್ಣಗೆ ಟುಕ್ ಟುಕ್ ಎಂದಿತು.

"ಈಗ ಬಂತು. ಕಾಲಿನ ನಾಳ ಹಿಡದೀರಿ ನೀವು!"

"ಅಯ್ಯ ದೇವರ!" ಡಾಕ್ಟರ್ ದಾರ ಹೊರಗೆಳೆದರು. ಸ್ವಲ್ಪ ಹೊತ್ತು ಹುಡುಕಿ ಇನ್ನೊಂದು ನಾಳಕ್ಕೆ ದಾರ ಹಾಕಿ ಎತ್ತಿದರು. "ಈಗ?"

"ಬಡೀತೈತಿ. ಬಡೀತೈತಿ. ಕಟ್ರಿ."

ಆಮೇಲೆ ಇನ್ನೊಂದು ಪಾದ, ಇನ್ನೊಂದು ಕೆನ್ನೆ. ರಕ್ತ ತಹಬಂದಿಗೆ ಬಂತು.

ಎಲ್ಲ ಮುಗಿದ ಮೇಲೆ ಡಾಕ್ಟರ್ ಬಟ್ಟೆ ಎತ್ತಿ ನೋಡಿದರು. ಗೋದಾಬಾಯಿ ಇನ್ನೂ ಪಾದದ ಮೇಲೆಯೇ ಮುಖವಿಟ್ಟಿದ್ದಳು.

"ಬೆರಳಿಗೇನಾಗೇತಿ?"

"ಸತ್ತಾವ್ರಿ. ದೀಪಾವಳಿಯಿಂದ."

ಡಾಕ್ಟರ್ ಗೋಡೆಗೊರಗಿ ನೆಲದ ಮೇಲೆಯೇ ಕೂತುಬಿಟ್ಟರು. "ಹೋದ ತಿಂಗಳು ಹಿಂಗ ರಕ್ತ ಹೋಗತಿದ್ದ ಬಾಣಂತಿ ದ್ವಾರಕಾನ ಪಾದಾನೂ ನೀನೇ ಹಿಡಿದಿದ್ದಿ."

"ಹೌದ್ರಿ. ಏನೂ ತಿಳೀಲಿಲ್ಲ. ಸುಳ್ಳೇ ಐತಿ ಅಂದೆ." ಗೋದಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಕಿ ನಡಕೊಂತ ಮನೀಗೆ ಹೋಗೂ ದಿನ ಗೇಟಿನ ತನಕ ಹಿಂದಿಂದ ಹೋದೆ ಬಾಯಿ. ಅಕಿ ಕೂಸಿನ ಮಾರಿ ನೋಡಲಿಲ್ಲ. ಎರಡೂ ಕಾಲು ನೋಡ್ಕೊಂತ ಹೋದೆ."