ಇಲ್ಲದ ಬೆರಳು

ನಮ್ಮ ಭಾವನಿಗೆ ಬುದ್ಧಿ ಇಲ್ಲ ಅಂತಲ್ಲ. ಅದನ್ನು ಬಳಸುವುದು ಅವರ ಘನತೆಗೆ ಕಡಿಮೆ, ಅಷ್ಟೆ. ಅವರು ನಮ್ಮ ಪ್ರಯೋಗಾಲಯದ ಮುಖ್ಯಸ್ಥರು. ಅಲ್ಲಿ ಮೈಮುರಿದು ದುಡಿಯುವವಳು ನನ್ನ ಅಕ್ಕ, ಭಾಷಣ ಬಿಗಿಯುವವರು ಅವಳ ಗಂಡನಾದ ಈ ಮಹಾಶಯರು, ಕಂಪ್ಯೂಟರ್ ನೋಡಿಕೊಳ್ಳುವವಳು ನಾನು.

ನಮ್ಮ ರಕ್ತದಲ್ಲಿ ಟಿ-ಕೋಶಗಳೆಂಬ ಕಾವಲುಪಡೆ ಇದೆ. ಆ ಕೋಶಗಳ ಮೈಮೇಲಿರುವ ಗ್ರಾಹಕವೆಂಬ ಪ್ರೋಟೀನಿನ ತುದಿಯಲ್ಲಿ ಆರು ಕುಣಿಕೆಗಳು. ನಾವು ಅವನ್ನು ಬೆರಳು ಎನ್ನುತ್ತೇವೆ, ಏಕೆಂದರೆ ಅವು ಬೇರೆ ಕೋಶಗಳನ್ನು ತಡವಿ ರೋಗ ಪತ್ತೆಹಚ್ಚುತ್ತವೆ. ಅಕ್ಕ ಈ ಗ್ರಾಹಕವನ್ನು ಕ್ಯಾನ್ಸರ್ ಗಡ್ಡೆಯ ಪ್ರೋಟೀನಿನ ಒಂದು ಚೂರಿನ ಜೊತೆ ಹರಳುಗಟ್ಟಿಸಿದ್ದಳು. ವರ್ಷಗಟ್ಟಲೆ ತಣ್ಣನೆಯ ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡು ಕೂತು ಬೆಳೆಸಿದ ಹರಳುಗಳು. ಅವುಗಳಿಗೆ ಎಕ್ಸ್-ರೇ ಹಾಯಿಸಿ, ಕಂಪ್ಯೂಟರಿನಲ್ಲಿ ಗ್ರಾಹಕದ ಆಕಾರದ ನಕ್ಷೆ ತೆಗೆದಾಗ ಐದು ಬೆರಳು ಸ್ಪಷ್ಟವಾಗಿ ಕಂಡವು. ಆರನೆಯದರ ಜಾಗದಲ್ಲಿ ಬರೀ ಮಬ್ಬು.

"ಅದು ಅಲ್ಲಾಡ್ತಾ ಇದೆ, ಅದಕ್ಕೇ ಕಾಣ್ತಿಲ್ಲ. ಖಾಲಿ ಬಿಡೋಣ," ಅಂದಳು ಅಕ್ಕ.

ಖಾಲಿ ಬಿಟ್ಟರೆ ದೊಡ್ಡ ಪತ್ರಿಕೆಯವರು ಮೂಸಿಯೂ ನೋಡುವುದಿಲ್ಲ. ಭಾವ ಪರದೆಯ ಮೇಲೆ ಆರನೆಯ ಬೆರಳನ್ನು ತಾವೇ ಕೂರಿಸಿದರು. ಸೃಷ್ಟಿಕರ್ತನಿಗೂ ಅಷ್ಟು ಧೈರ್ಯ ಇದ್ದಿರಲಾರದು. ಅಂಥ ಲೇಖನ ಕಳಿಸಲು ಅಕ್ಕ ಒಪ್ಪಲಿಲ್ಲ.

"ಪರೀಕ್ಷೆ ಮಾಡೇ ಬಿಡೋಣ," ಎಂದು ಭಾವ ಎಲ್ಲರನ್ನೂ ಕರೆದರು. ಆ ಬೆರಳನ್ನು ಅಳಿಸಿ ನಕ್ಷೆಯನ್ನು ಮತ್ತೆ ಲೆಕ್ಕ ಹಾಕಿಸಿದರು. ಬೆರಳು ನಿಜವಾಗಿ ಇದ್ದರೆ ಅಳಿಸಿದ ಜಾಗದಲ್ಲಿ ಅದರ ಗುರುತು ತಾನಾಗಿ ಮೂಡಬೇಕು. ಮೂಡಿತು. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಅವರ ಪದವಿ ಭಾವನ ಕೈಯಲ್ಲಿತ್ತು ತಾನೇ.

"ಉಳಿದ ಪರಮಾಣುಗಳನ್ನ ಅಲುಗಿಸಿದ್ರಾ?" ಅಕ್ಕ ಕೇಳಿದಳು.

"ಅದ್ಯಾಕೆ?"

ಅದ್ಯಾಕಂತೆ. ಕಂಪ್ಯೂಟರಿನ ಮಾದರಿಯಲ್ಲಿ ಸುಳ್ಳು ಬೆರಳಿನ ಜೊತೆ ಇಷ್ಟು ದಿನ ಇದ್ದ ಪರಮಾಣುಗಳು ಅದಕ್ಕೆ ತಕ್ಕಂತೆ ಸರಿದು ಕೂತಿರುತ್ತವೆ. ಅದನ್ನು ಅಳಿಸಿದ ಮೇಲೂ ಅದರ ಪರವಾಗಿಯೇ ಸಾಕ್ಷಿ ಹೇಳುತ್ತವೆ. ಅವನ್ನೆಲ್ಲ ಚೆನ್ನಾಗಿ ಅಲುಗಿಸಿ, ಆ ಪ್ರಭಾವ ಕಳೆದ ಮೇಲೆ ಲೆಕ್ಕ ಹಾಕಬೇಕು. ನಮ್ಮಲ್ಲಿ ಇದು ಮೊದಲ ವರ್ಷದ ಪಾಠ. ನಾನು ಹಾಗೆ ಮಾಡಿ ತೋರಿಸಿದೆ. ಬೆರಳೂ ಇಲ್ಲ, ಉಗುರೂ ಇಲ್ಲ. ಚಪ್ಪಾಳೆ ತಟ್ಟಿದ ಕೈಗಳು ಮೆಲ್ಲಗೆ ಜೇಬು ಸೇರಿದವು.

ಭಾವ ಅಕ್ಕನ ಕಡೆ ತಿರುಗಿದರು. "ನಿನ್ನ ತಂಗಿಗೆ ಪ್ರೋಗ್ರಾಂ ಓಡಿಸೋಕೇ ಬರಲ್ಲ. ನೀನು ಹಟ ಮಾಡಿದ್ರೆ ನಿನ್ನ ಹೆಸರು ಬಿಟ್ಟು ಕಳಿಸ್ತೀನಿ."

"ಬಿಡಿ."

ಬಿಟ್ಟೇ ಬಿಟ್ಟರು, ನನ್ನದನ್ನೂ ಸೇರಿಸಿ. ಲೇಖನ ಆರೂ ಬೆರಳುಗಳ ಸಮೇತ ಅಚ್ಚಾಯಿತು. ಹರಳು ಬೆಳೆಸಿದವಳ ಹೆಸರು ಎಲ್ಲೂ ಇಲ್ಲ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: 'ಮನೆಯಲ್ಲಿ ತಾಳ್ಮೆಯಿಂದ ಸಹಕರಿಸಿದ ಪತ್ನಿಗೆ ಕೃತಜ್ಞತೆಗಳು.'

ಅಕ್ಕ ಆ ಸಾಲನ್ನು ನಿಧಾನವಾಗಿ ಓದಿದಳು. "ಇದೂ ಸುಳ್ಳೇ," ಎಂದಳು. ಆಮೇಲೆ ಕುರ್ಚಿ ಎಳೆದುಕೊಂಡು, ಪತ್ರಿಕೆಯ ಸಂಪಾದಕರಿಗೆ ಬರೆಯಲು ಕೂತಳು. ಒಳಗಿನಿಂದ ಭಾವ ಕಾಫಿ ಆಯ್ತಾ ಎಂದು ಕೂಗುತ್ತಲೇ ಇದ್ದರು.