ಮಂಚದಮ್ಮ ಕೊಂಡುಹೋದ ವರ್ಷಗಳು

"ಇನ್ನೊಂಚೂರು ಬಗ್ಗೇ, ನಿನ್ನ ತಲೆಯೇನು ಕುಂಬಳಕಾಯಾ!" ಎನ್ನುತ್ತ ಚಿಕ್ಕಮ್ಮ ಸೆಣಬಿನ ಕುಲಾವಿಯನ್ನು ಬೀಲ್ವಾನಳ ಹುಬ್ಬಿನವರೆಗೆ ಎಳೆದಳು. ತಾಯಿ ಸತ್ತಾಗ ಮಗಳು ತೊಡಬೇಕಾದ ಒರಟು ಕುಲಾವಿ. ಮುಖ ಮರೆಯಾದದ್ದು ಬೀಲ್ವಾನಳಿಗೆ ಒಳ್ಳೆಯದೇ ಆಯಿತು. ಬೆಳಗಿನಿಂದ ಅವಳ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ.

ಅಂಗಳದ ಚಪ್ಪರದಡಿ ಶವಪೆಟ್ಟಿಗೆಯ ಮುಚ್ಚಳ ಇನ್ನೂ ತೆರೆದಿತ್ತು. ಒಳಗೆ ಅವಳ ತಾಯಿ ಚಾಯ್‌ಹುನ್ ನೀಲಿ ನಿಲುವಂಗಿಯಲ್ಲಿ ಮಲಗಿದ್ದಳು. ತೈನಾನ್ ಕಡಲಂಚಿನ ಹೂಮೀನಿನ ಕೆರೆಗಳಲ್ಲಿ ಸೊಂಟದುದ್ದ ನೀರಿಗಿಳಿದು ಬದುಕಿದವಳ ಕಾಲಿಗೆ ಇವತ್ತು ಕೆಸರು ಕಾಣದ ಬಟ್ಟೆಯ ಜೋಡು.

"ಪೂಜಾರಿ ನೂಲು ಕಡಿಯೋ ಮುಂಚೆ ಒಬ್ಬೊಬ್ರೂ ಒಂದು ಮಾತು ಹೇಳ್ಬೇಕು," ಎಂದಳು ಚಿಕ್ಕಮ್ಮ. "ಕಡಿದ ಮೇಲೆ ಅವಳಿಗೆ ಕೇಳ್ಸಲ್ಲ. ಏಳು ವರ್ಷ ನಿನ್ನ ನೆಲಕ್ಕೆ ಬಿಡದೆ ಹೊತ್ಲಲ್ಲ, ಅದಕ್ಕೆ ಕೈ ಮುಗಿ."

"ಅದೇ ನಂಗೆ ನೆನಪಿಲ್ವಲ್ಲ ಚಿಕ್ಕಮ್ಮ."

ಪಕ್ಕದಲ್ಲಿ ಸೊಂಟಕ್ಕೆ ಸೂತಕದ ಹಗ್ಗ ಬಿಗಿದುಕೊಳ್ಳುತ್ತಿದ್ದ ಅಣ್ಣ ಆಬೂನ್ ತಿರುಗಿದ. "ನೆನಪಿಲ್ವಂತೆ! ನಾನು ಅಮ್ಮನ ಮಡಿಲು ಕಂಡಿದ್ದೇ ಇಲ್ಲ, ಬರೀ ನಿನ್ನ ಬೆನ್ನು ಕಂಡಿದ್ದು."

ಅವನ ಮಗಳು ಪೇಯ್ಯು ನರ್ಸಿಂಗ್ ಓದುವವಳು. "ಬೈಬೇಡಿ ಅಪ್ಪ. ಎಳೇ ಮೆದುಳಲ್ಲಿ ಹೊಸದು ಬೆಳೀತಾ ಹಳೇದು ಮುಚ್ಚಿಹೋಗುತ್ತಂತೆ. ಜತೆಗೆ, ಮಾತು ಬರೋ ಮುಂಚಿಂದನ್ನ ಮಾತಲ್ಲಿ ಹುಡುಕಿದ್ರೆ ಎಲ್ಲಿ ಸಿಗುತ್ತೆ?"

"ನಿಮ್ಮತ್ತೆಗೆ ಮಾತು ಬೇಗ್ಲೇ ಬಂತು. ಬಂದಿದ್ದು ನಿಂತಿಲ್ಲ ಅಷ್ಟೆ," ಎಂದ ಆಬೂನ್.

ಬೀಲ್ವಾನ್ ನಗಲಿಲ್ಲ. "ಎಲ್ರಿಗೂ ಮೂರು ನಾಲ್ಕು ವರ್ಷದ್ದು ಏನಾದ್ರೂ ಇರುತ್ತೆ. ನಂಗೆ ಏಳರವರೆಗೂ ಏನಿಲ್ಲ." ಅವಳಿಗೆ ನೆನಪಿದ್ದದ್ದು ಕೆಸರಿನ ವಾಸನೆಯ ತಾಯಿ, ನಸುಕಿಗೇ ಹೊದಿಕೆ ಕಿತ್ತೆಸೆದು "ಏಳೇ ಸೋಮಾರಿ" ಎಂದು ಕೂಗಿ, ಕಣ್ಣಲ್ಲಿ ನೀರು ಬರುವಂತೆ ಜಡೆ ಬಿಗಿಯುತ್ತಿದ್ದ ತಾಯಿ. ಹೊತ್ತದ್ದು, ತಟ್ಟಿದ್ದು, ಎದ್ದು ಕೂತದ್ದು ಎಲ್ಲ ಊರವರ ಬಾಯಿಂದ ಕೇಳಿದ್ದು. ಬೇರೆಯವರ ನೆನಪನ್ನು ತನ್ನದೆಂದು ಹೇಳಿ ತಾಯಿಯನ್ನು ಹೇಗೆ ಕಳಿಸುವುದು? ಕೊನೆಯ ಮಾತೂ ಸುಳ್ಳಾದರೆ?

ಚಿಕ್ಕಮ್ಮ ಅವಳ ಪಕ್ಕದ ಮಣೆಯ ಮೇಲೆ ಕುಳಿತಳು. "ಪೇಯ್ಯು ಹೇಳಿದ್ದೂ ಇರಬಹುದು. ಆದ್ರೆ ನಿಂಗೆ ಅಷ್ಟೊಂದು ಮರೆತುಹೋಗಿದ್ದು ಅಕ್ಕನ ತಪ್ಪಿಂದ. ಆಗ ನಾನಿಲ್ಲೇ ಇದ್ದೆ."

*

ಮಗುವಿರುವ ಮನೆಯಲ್ಲಿ, ಕೂಸು ಕಾಯುವ ದೇವತೆ ಮಂಚದಮ್ಮನಿಗೆ ಹಾಸಿಗೆಯ ಮೇಲೇ ಎಡೆ. ಎಣ್ಣೆ ಕಲಸಿದ ಅನ್ನ ಒಂದು ಬಟ್ಟಲು, ಮೇಲೊಂದು ಊದುಬತ್ತಿ. ಕೂಸನ್ನು ನಿದ್ದೆಯಲ್ಲಿ ನಗಿಸುವವಳು ಅವಳೇ. ಆದರೆ ಅವಳನ್ನು ಬೇಗ ಕಳಿಸಿಕೊಡಬೇಕು. ಊದುಬತ್ತಿ ಮುಗಿಯುವ ಮೊದಲೇ ಎಡೆ ಎತ್ತಬೇಕು, ಇಲ್ಲವಾದರೆ ಮಗು ಅವಳ ಮಡಿಲು ಬಿಟ್ಟೇಳುವುದಿಲ್ಲ. ಹೊರಡುವಾಗ ಅವಳು, ಮಗು ತನ್ನ ಜೊತೆ ಕಳೆದ ದಿನಗಳನ್ನೆಲ್ಲ ಒರೆಸಿಕೊಂಡು ಹೋಗುತ್ತಾಳೆ.

ಅವತ್ತು ಕೂಸಾಗಿದ್ದ ಬೀಲ್ವಾನಳಿಗೆ ಉಬ್ಬಸ. ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಚಾಯ್‌ಹುನ್ ಮಂಚದ ಮೇಲೆ ನೆಟ್ಟಗೆ ಕುಳಿತು ಮಗುವನ್ನು ಹೆಗಲಿಗೆ ಒರಗಿಸಿಕೊಂಡಿದ್ದಳು. ಊದುಬತ್ತಿ ಅರ್ಧ ದಾಟಿತ್ತು.

"ಅಕ್ಕಾ, ಎಡೆ ಎತ್ತು."

"ಸುಮ್ನಿರೇ. ಇನ್ನೂ ಕೂತಿರ್ಲಿ. ಅವಳು ಎದ್ದುಹೋದ್ರೆ ನಾನೊಬ್ಳೇ ಇವಳನ್ನ ಹೆಂಗೆ ಉಳಿಸ್ಕೊಳ್ಲಿ?"

"ಇಷ್ಟು ಹೊತ್ತು ಕೂರಿಸ್ಕೊಂಡ್ರೆ ಎಲ್ಲಾನೂ ಒರೆಸ್ಕೊಂಡು ಹೋಗ್ತಾಳೆ. ನೀನು ಪಟ್ಟ ಪಾಡು ಒಂದೂ ಇವಳಿಗೆ ನೆನಪಿರಲ್ಲ ನೋಡು."

ಚಾಯ್‌ಹುನ್ ಮಗುವಿನ ಬೆನ್ನು ತಟ್ಟುತ್ತಲೇ ಇದ್ದಳು. "ತಗೊಂಡು ಹೋಗ್ಲಿ. ಉಸಿರೊಂದನ್ನ ಇವಳಿಗೆ ಬಿಟ್ಟು ಹೋದ್ರೆ ಸಾಕು. ನೆನಪಿಟ್ಕೊಂಡು ಇವಳಿಗೇನಾಗ್ಬೇಕು, ಉಬ್ಬಸ ನೆನೆಸ್ಕೊಂಡು ಮತ್ತೆ ಅಳೋದಾ?"

ಬತ್ತಿ ಬೂದಿಯಾಗುವ ಮುನ್ನ ಅದರ ಕಿಡಿಯಿಂದಲೇ ಇನ್ನೊಂದು ಹಚ್ಚಿದಳು. ವರ್ಷಗಟ್ಟಲೆ ಹಾಗೇ ನಡೆಯಿತು. ಏಳನೇ ವರ್ಷಕ್ಕೆ ಬೀಲ್ವಾನಳ ಉಬ್ಬಸ ಪೂರ್ತಿ ಬಿಟ್ಟುಹೋದ ಮೇಲೆ ಒಂದು ದಿನ ಎಡೆಯಿಟ್ಟು, ಅಡ್ಡಬಿದ್ದು, ಬಟ್ಟಲನ್ನು ಚಟಕ್ಕನೆ ಎತ್ತಿಬಿಟ್ಟಳು. ಮರುದಿನ ನಸುಕಿಗೆ ಮಗಳ ಹೊದಿಕೆ ಕಿತ್ತೆಸೆದು ಮೊದಲ ಬಾರಿ ಕೂಗಿದಳು, "ಏಳೇ ಸೋಮಾರಿ!"

*

"ಆ ಕೂಗು ಕೇಳಿ ನಾನು ಅಡುಗೆಮನೇಲಿ ಕೂತು ಅತ್ತುಬಿಟ್ಟೆ ಕಣೇ, ಸಂತೋಷಕ್ಕೆ," ಎಂದಳು ಚಿಕ್ಕಮ್ಮ.

ಬೀಲ್ವಾನ್ ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಪೂಜಾರಿ ಗಂಟೆ ಬಾರಿಸಿದ. ಸತ್ತವಳ ನಿಲುವಂಗಿಯ ತೋಳಿನ ಅಂಚಿಗೆ ಕಟ್ಟಿದ ಉದ್ದನೆಯ ನೂಲನ್ನು ಮನೆಯವರೆಲ್ಲ ಸಾಲಾಗಿ ಹಿಡಿದು ನಿಂತರು. ತುದಿಯಿಂದ ಒಬ್ಬೊಬ್ಬರದೇ ತುಂಡು ಕಡಿಯುತ್ತ ಬರುವುದು ರೂಢಿ. ಆಮೇಲೆ ಅತ್ತ ಹೋಗುವವರು ಅತ್ತ, ಇತ್ತ ಉಳಿಯುವವರು ಇತ್ತ.

"ಅಮ್ಮ, ಕೆರೆ ಚಿಂತೆ ಬಿಡು, ಮೀನು ನಾನು ನೋಡ್ಕೋತೀನಿ," ಎಂದ ಆಬೂನ್. ಕತ್ತರಿ ಆಡಿತು. ಪೇಯ್ಯು ಬರಿದೆ "ಅಜ್ಜಿ" ಎಂದಳು. ಚಿಕ್ಕಮ್ಮ ಬಾಗಿ ಏನೋ ಪಿಸುಗುಟ್ಟಿದಳು. ಅದು ಅಕ್ಕತಂಗಿಯರ ಮಾತು.

ಉಳಿದವಳು ಪೆಟ್ಟಿಗೆಯ ಹತ್ತಿರವೇ ನಿಂತಿದ್ದ ಬೀಲ್ವಾನ್. ಅವಳು ಕುಲಾವಿಯನ್ನು ಹಿಂದಕ್ಕೆ ಸರಿಸಿದಳು. ಹಾಗೆ ಮಾಡಬಾರದು ಎಂದು ಯಾರೂ ಹೇಳಲಿಲ್ಲ.

"ಅಮ್ಮ, ನೀನು ಮಾಡಿದ್ದು ಒಂದೂ ನಂಗೆ ನೆನಪಿಲ್ಲ." ಅವಳು ಆಳವಾಗಿ ಒಮ್ಮೆ ಉಸಿರೆಳೆದುಕೊಂಡಳು. ಆ ಉಸಿರು ಎಲ್ಲೂ ತಡೆಯದೆ ಎದೆಯ ತಳದವರೆಗೆ ಇಳಿಯಿತು. "ಉಸಿರಿದೆ, ಅಮ್ಮ. ಚೆನ್ನಾಗಿದೆ."

ಆಗ ಕಣ್ಣು ತುಂಬಿ ಹರಿಯಿತು. ಪೂಜಾರಿ ತುಸು ಕಾದು ಕತ್ತರಿಯಾಡಿಸಿದ. ಅವಳ ಹಿಡಿತಕ್ಕೆ ಮೇಲೆದ್ದಿದ್ದ ನೀಲಿ ತೋಳು ಸಡಿಲಗೊಂಡು ಮೆಲ್ಲಗೆ ತನ್ನ ಜಾಗಕ್ಕೆ ಇಳಿಯಿತು, ಮಗು ನಿದ್ದೆ ಹೋಯಿತೆಂದು ಖಾತ್ರಿಯಾದ ಮೇಲೆ ತಾಯಿ ಬೆನ್ನ ಮೇಲಿನ ಕೈಯನ್ನು ಸದ್ದಾಗದಂತೆ ತೆಗೆದುಕೊಳ್ಳುವ ಹಾಗೆ.